ಹಲವು ದಿನಗಳ ಚಾರಣಕ್ಕೂ ತುರ್ತು ಸಂದರ್ಭಕ್ಕೂ ಗಟ್ಟಿಮುಟ್ಟಾದ ಬೆನ್ನುಚೀಲವನ್ನು ಆರಿಸಿಕೊಳ್ಳುವ ಬಗೆ

ಹಲವು ದಿನಗಳ ಚಾರಣಕ್ಕೆ ಹೊರಡುವವರಿಗೂ, ನೆರೆ ಅಥವಾ ಕಾಡ್ಗಿಚ್ಚಿನ ಎಚ್ಚರಿಕೆ ಬಂದೊಡನೆ ಮನೆ ಬಿಡಬೇಕಾದವರಿಗೂ ಬೇಕಾಗುವ ಬೆನ್ನುಚೀಲ ಬಹುಮಟ್ಟಿಗೆ ಒಂದೇ ಬಗೆಯದು. ಇಬ್ಬರೂ ಮೂರು ನಾಲ್ಕು ದಿನಗಳಿಗೆ ಬೇಕಾದ ನೀರು, ಆಹಾರ, ಬಟ್ಟೆ, ಹೊದಿಕೆಗಳನ್ನು ಬೆನ್ನ ಮೇಲೆ ಹೊತ್ತು, ವಾಹನದ ನೆರವಿಲ್ಲದೆ, ಹದವಿಲ್ಲದ ದಾರಿಯಲ್ಲಿ ಗಂಟೆಗಟ್ಟಲೆ ನಡೆಯಬೇಕಾಗುತ್ತದೆ. ಹಾಗಿದ್ದೂ ಇಂತಹ ಚೀಲವನ್ನು ಕೊಳ್ಳುವಾಗ ಬಹಳ ಜನ ಬಟ್ಟೆ ಎಷ್ಟು ದಪ್ಪ, ಹೊರಗೆ ಜೇಬುಗಳೆಷ್ಟು, ಒಳಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದನ್ನೇ ಮೊದಲು ವಿಚಾರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ತುಂಬಿದ ಚೀಲದ ಭಾರ ಭುಜಗಳಿಂದ ಇಳಿದು ಸೊಂಟದ ಮೇಲೆ ಕೂರುತ್ತದೆಯೇ? ದಾರಿಯಲ್ಲಿ ಯಾವುದಾದರೂ ಭಾಗ ಕಿತ್ತುಬಂದರೆ ಅಲ್ಲಿಯೇ ಕುಳಿತು ಸರಿಪಡಿಸಿಕೊಳ್ಳಲು ಸಾಧ್ಯವೇ? ಬೆನ್ನಿಗೆ ಒಗ್ಗದ ಚೀಲ ಎಷ್ಟೇ ಗಟ್ಟಿಯಾಗಿದ್ದರೂ ಹೊತ್ತವರನ್ನು ಅರ್ಧ ದಾರಿಯಲ್ಲೇ ಬಸವಳಿಸುತ್ತದೆ. ದುರಸ್ತಿಗೆ ಎಡೆಯಿಲ್ಲದ ಚೀಲವಾದರೋ ಒಂದು ಬಕಲ್ ಮುರಿದೊಡನೆ ಹೊರಲಾಗದ ವಸ್ತುವಾಗಿಬಿಡುತ್ತದೆ.

ಮೊದಲು ಹೊರೆಯನ್ನು ನಿರ್ಧರಿಸಿ

ಚೀಲವನ್ನು ಕೊಳ್ಳುವುದಕ್ಕೆ ಮುಂಚೆ ಅದರೊಳಗೆ ಹೋಗಬೇಕಾದ ವಸ್ತುಗಳನ್ನೆಲ್ಲ ಒಂದೆಡೆ ಹರಡಿಕೊಂಡು ತೂಕ ಮಾಡಬೇಕು. ಚಾರಣಕ್ಕಾದರೆ ಟೆಂಟ್, ಸ್ಲೀಪಿಂಗ್ ಬ್ಯಾಗ್, ಹಾಸು, ಒಲೆ, ಆಹಾರ, ಮಳೆಗೆ ಚಳಿಗೆ ತಕ್ಕ ಬಟ್ಟೆ. ತುರ್ತು ಸಂದರ್ಭಕ್ಕಾದರೆ ಇವುಗಳಲ್ಲಿ ಹೆಚ್ಚಿನವುಗಳ ಜೊತೆಗೆ ದಾಖಲೆಗಳು, ನಿತ್ಯ ಸೇವಿಸುವ ಔಷಧಿ, ಪ್ರಥಮ ಚಿಕಿತ್ಸೆಯ ಸಾಮಗ್ರಿ, ಟಾರ್ಚ್, ರೇಡಿಯೋ. ತುರ್ತು ಸಿದ್ಧತೆಯ ಕೈಪಿಡಿಗಳು ಸಾಮಾನ್ಯವಾಗಿ ಹೇಳುವ ಅವಧಿ 72 ಗಂಟೆ. ಹೊರಗಿನ ನೆರವು ತಲುಪುವವರೆಗೆ ತಮ್ಮನ್ನು ತಾವೇ ನೋಡಿಕೊಳ್ಳಬೇಕಾದ ಕಾಲವದು.

ಈ ಲೆಕ್ಕದಲ್ಲಿ ಅತಿ ಭಾರವಾದದ್ದು ನೀರು. ಒಬ್ಬರಿಗೆ ದಿನಕ್ಕೆ ಕುಡಿಯಲು ಮತ್ತು ಶುಚಿತ್ವಕ್ಕೆ ಸೇರಿ ಸುಮಾರು 3.8 ಲೀಟರ್, ಅಂದರೆ ಒಂದು ಅಮೆರಿಕನ್ ಗ್ಯಾಲನ್, ಇಟ್ಟುಕೊಳ್ಳಬೇಕೆಂಬುದು ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆಯಾದ ಫೆಮಾ ನೀಡುವ ಸಲಹೆ. ಒಂದು ಲೀಟರ್ ನೀರು ಒಂದು ಕಿಲೋಗ್ರಾಂ ತೂಗುವುದರಿಂದ ಮೂರು ದಿನಗಳ ನೀರೇ 11 ಕಿಲೋಗ್ರಾಂ ದಾಟುತ್ತದೆ. ಅಷ್ಟನ್ನು ಮನೆಯಲ್ಲಿ ಸಂಗ್ರಹಿಸಿಡಬಹುದೇ ಹೊರತು ಬೆನ್ನ ಮೇಲೆ ಹೊತ್ತು ದೂರ ನಡೆಯಲಾಗದು. ಆದುದರಿಂದ ಚೀಲದಲ್ಲಿ 2ರಿಂದ 3 ಲೀಟರ್ ನೀರನ್ನಿಟ್ಟುಕೊಂಡು, ಉಳಿದದ್ದಕ್ಕೆ ಸೋಸುವ ಫಿಲ್ಟರ್ ಮತ್ತು ಶುದ್ಧೀಕರಣದ ಮಾತ್ರೆಗಳನ್ನು ಅವಲಂಬಿಸುವುದು ವಿವೇಕ. ದಾರಿಯಲ್ಲಿ ಎಲ್ಲಿಯೂ ನೀರಿನ ಸೆಲೆ ಸಿಗದ ಒಣ ಪ್ರದೇಶದಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ; ಅಲ್ಲಿ ಬೇರೆ ಸಾಮಾನುಗಳನ್ನು ಕೈಬಿಟ್ಟಾದರೂ ನೀರಿಗೆ ಜಾಗ ಮಾಡಿಕೊಡಬೇಕು.

ಹಲವು ದಿನಗಳ ನಡಿಗೆಯಲ್ಲಿ ತುಂಬಿದ ಚೀಲದ ತೂಕ ಹೊರುವವರ ದೇಹತೂಕದ ಐದನೆಯ ಒಂದು ಭಾಗವನ್ನು ಮೀರಬಾರದು ಎಂಬುದು ಚಾರಣಿಗರು ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ಅಂದಾಜು. 60 ಕಿಲೋಗ್ರಾಂ ತೂಗುವವರಿಗೆ ಇದು 12 ಕಿಲೋಗ್ರಾಂ. ಖಾಲಿ ಚೀಲದ ತೂಕವೂ ಇದರೊಳಗೇ ಸೇರಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ತೀರಾ ಹಗುರವಾದ ಚೀಲಗಳು ಒಂದು ಕಿಲೋಗ್ರಾಂನ ಆಸುಪಾಸಿನಲ್ಲಿರುತ್ತವೆ. ಗಟ್ಟಿಯಾದ ಚೌಕಟ್ಟು ಮತ್ತು ದಪ್ಪ ಬಟ್ಟೆಯವು 2ರಿಂದ 2.5 ಕಿಲೋಗ್ರಾಂ ತೂಗುತ್ತವೆ. ಸೈನಿಕ ಮಾದರಿಯವು ಮೂರನ್ನೂ ಮೀರುವುದುಂಟು. 12ರಲ್ಲಿ ಮೂರು ಚೀಲಕ್ಕೇ ಹೋದರೆ ಉಳಿಯುವುದು ಒಂಬತ್ತು. ಗಟ್ಟಿತನಕ್ಕೂ ತೂಕದ ಬೆಲೆ ತೆರಬೇಕು ಎಂಬುದನ್ನು ಈ ಹಂತದಲ್ಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಗಾತ್ರವನ್ನು ತಿಳಿಯಲು ಸುಲಭವಾದ ಉಪಾಯವೊಂದಿದೆ. ಹರಡಿಕೊಂಡ ಸಾಮಾನುಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಿ, ಅವು ತುಂಬಿದ ಭಾಗದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 1000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಉದಾಹರಣೆಗೆ, 40, 35, 35 ಸೆಂಟಿಮೀಟರಿನ ಪೆಟ್ಟಿಗೆ 49 ಲೀಟರ್ ಹಿಡಿಯುತ್ತದೆ. ಇದಕ್ಕೆ ಐದಾರು ಲೀಟರ್ ಸೇರಿಸಿಕೊಂಡರೆ ಸಾಕು. ಎರಡು ಮೂರು ದಿನಗಳಿಗೆ 40ರಿಂದ 50 ಲೀಟರ್, ಅದಕ್ಕಿಂತ ಹೆಚ್ಚಿನ ದಿನಗಳಿಗೆ ಅಥವಾ ಚಳಿಗಾಲಕ್ಕೆ 55ರಿಂದ 70 ಲೀಟರ್ ಎಂಬುದು ಸಾಮಾನ್ಯ ಅಳತೆ. ಎರಡೂ ಉದ್ದೇಶಗಳಿಗೆ ಒಂದೇ ಚೀಲ ಬೇಕೆನ್ನುವವರಿಗೆ ನಾನು 50ರಿಂದ 60 ಲೀಟರಿನದನ್ನು ಸೂಚಿಸುತ್ತೇನೆ. ತೀರಾ ದೊಡ್ಡ ಚೀಲದಲ್ಲಿ ಜಾಗ ಉಳಿದಿದೆಯೆಂಬ ಕಾರಣಕ್ಕೇ ಬೇಡದ ವಸ್ತುಗಳು ಸೇರಿಕೊಳ್ಳುತ್ತವೆ. ಲೀಟರ್ ಲೆಕ್ಕವನ್ನು ಎಲ್ಲ ತಯಾರಕರೂ ಒಂದೇ ರೀತಿಯಲ್ಲಿ ಹಾಕುವುದಿಲ್ಲ, ಕೆಲವರು ಹೊರಜೇಬುಗಳನ್ನೂ ಸೇರಿಸುತ್ತಾರೆ. ಆದ್ದರಿಂದ ಅಂಚಿನಲ್ಲಿರುವ ಅಳತೆಯಾದರೆ ಸಾಮಾನುಗಳನ್ನು ತುಂಬಿಸಿಯೇ ನೋಡಬೇಕು.

ಬೆನ್ನಿನ ಅಳತೆ

ಚೀಲದ ಹೊಂದಾಣಿಕೆಗೆ ಮುಖ್ಯವಾದದ್ದು ಹೊರುವವರ ಎತ್ತರಕ್ಕಿಂತ ಅವರ ಬೆನ್ನಿನ ಉದ್ದ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದವಾಗಿದ್ದು ಇನ್ನೊಬ್ಬರ ಬೆನ್ನು ಉದ್ದವಾಗಿರಬಹುದು. ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕೈಗೆ ಸಿಗುವ ಮೂಳೆ ಕತ್ತಿನ ಏಳನೆಯ ಕಶೇರು. ಅಳತೆ ಅಲ್ಲಿಂದ ಆರಂಭವಾಗುತ್ತದೆ. ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲಂಚಿನಲ್ಲಿಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ, ಅವೆರಡರ ನಡುವೆ ಎಳೆಯಬಹುದಾದ ಅಡ್ಡಗೆರೆ ಬೆನ್ನೆಲುಬನ್ನು ಕೂಡುವ ಸ್ಥಳದಲ್ಲಿ ಅಳತೆ ಮುಗಿಯುತ್ತದೆ. ಟೇಪನ್ನು ಬೆನ್ನಿನ ಬಾಗುವಿಕೆಗೆ ತಕ್ಕಂತೆ ಇನ್ನೊಬ್ಬರು ಹಿಡಿಯಬೇಕು. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 40ರಿಂದ 55 ಸೆಂಟಿಮೀಟರಿನ ಒಳಗಿರುತ್ತದೆ. ಚೀಲದ ಸಣ್ಣ, ಮಧ್ಯಮ, ದೊಡ್ಡ ಎಂಬ ವಿಂಗಡಣೆ ಈ ಅಳತೆಯನ್ನು ಆಧರಿಸಿದ್ದರೂ ಒಬ್ಬ ತಯಾರಕರ ಮಧ್ಯಮ ಇನ್ನೊಬ್ಬರ ಸಣ್ಣದಾಗಿರಬಹುದು, ಹಾಗಾಗಿ ಸೆಂಟಿಮೀಟರಿನ ಅಂಕಿಯನ್ನೇ ನಂಬಬೇಕು.

ಮನೆಯಲ್ಲಿ ಯಾರು ಬೇಕಾದರೂ ಹೊರಬೇಕಾಗಿ ಬರಬಹುದಾದ ತುರ್ತು ಚೀಲಕ್ಕೆ ಬೆನ್ನಿನ ಉದ್ದವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಹಿಂಬದಿಯಿರುವುದು ಬಹಳ ಉಪಯುಕ್ತ. ಚೀಲ ಹೊರುತ್ತಿದ್ದವರಿಗೆ ಗಾಯವಾದಾಗ ಇನ್ನೊಬ್ಬರು ಅದನ್ನು ಒಂದೆರಡು ನಿಮಿಷಗಳಲ್ಲಿ ತಮ್ಮ ಅಳತೆಗೆ ಹೊಂದಿಸಿಕೊಂಡು ಮುಂದುವರಿಯಬಹುದು. ಹೊಂದಿಸುವ ಭಾಗ ಜಾರದಂತೆ ಬಿಗಿಯಾಗಿದೆಯೇ ಎಂಬುದನ್ನು ಭಾರ ತುಂಬಿಯೇ ಪರೀಕ್ಷಿಸಬೇಕು. ಮಹಿಳೆಯರಿಗಾಗಿ ರೂಪಿಸಿದ ಚೀಲಗಳಲ್ಲಿ ಬೆನ್ನಿನ ಉದ್ದ ಕಡಿಮೆಯಿದ್ದು, ಭುಜಪಟ್ಟಿಗಳು ಎದೆಯ ಬಳಿ ಹೆಚ್ಚು ಬಾಗಿರುತ್ತವೆ, ಸೊಂಟಪಟ್ಟಿಯ ಓರೆಯೂ ಬೇರೆಯಾಗಿರುತ್ತದೆ. ಕಿರಿದಾದ ಭುಜಗಳುಳ್ಳ ಪುರುಷರಿಗೂ ಇವು ಚೆನ್ನಾಗಿ ಒಗ್ಗುವುದುಂಟು.

ಸರಿಯಾಗಿ ಕೂತ ಚೀಲದಲ್ಲಿ ಭಾರದ ಬಹುಪಾಲು, ಸುಮಾರು ಮುಕ್ಕಾಲು ಭಾಗ, ಸೊಂಟಪಟ್ಟಿಯ ಮೂಲಕ ಸೊಂಟದ ಮೂಳೆಗೆ, ಅಲ್ಲಿಂದ ಕಾಲುಗಳಿಗೆ ಇಳಿಯುತ್ತದೆ. ಇದನ್ನು ಅಂಗಡಿಯಲ್ಲೇ ನೋಡಿಕೊಳ್ಳಲು ಒಂದು ಕ್ರಮವಿದೆ. ಚೀಲದಲ್ಲಿ ಹತ್ತು ಕಿಲೋಗ್ರಾಂನಷ್ಟಾದರೂ ಭಾರ ತುಂಬಿ, ಎಲ್ಲ ಪಟ್ಟಿಗಳನ್ನೂ ಸಡಿಲಿಸಿ ಬೆನ್ನಿಗೇರಿಸಬೇಕು. ಮೊದಲು ಸೊಂಟಪಟ್ಟಿಯ ಮೆತ್ತೆಯ ನಡುಭಾಗ ಮೂಳೆಯ ಮೇಲಂಚಿನ ಮೇಲೆ ಬರುವಂತೆ ಕಟ್ಟಿ ಬಿಗಿಯಬೇಕು; ಅದು ಹೊಟ್ಟೆಯ ಮೇಲಾಗಲಿ ತೊಡೆಯ ಕಡೆಗಾಗಲಿ ಜಾರಬಾರದು. ಬಳಿಕ ಭುಜಪಟ್ಟಿಗಳನ್ನು ಅವು ಭುಜವನ್ನು ಸುತ್ತಿ ತಾಗುವಷ್ಟು ಮಾತ್ರ ಎಳೆಯಬೇಕು. ಆನಂತರ ಭುಜಪಟ್ಟಿಯ ಮೇಲ್ಭಾಗದಿಂದ ಚೌಕಟ್ಟಿನ ತುದಿಗೆ ಹೋಗುವ ಲೋಡ್ ಲಿಫ್ಟರ್ ಪಟ್ಟಿಗಳನ್ನು ಹದವಾಗಿ ಎಳೆದರೆ ಅವು ಸುಮಾರು 45 ಡಿಗ್ರಿ ಓರೆಯಲ್ಲಿ ನಿಂತು ಚೀಲ ಹಿಂದಕ್ಕೆ ವಾಲದಂತೆ ತಡೆಯುತ್ತವೆ. ಎದೆಪಟ್ಟಿಯನ್ನು ಕೊನೆಯಲ್ಲಿ, ಉಸಿರಾಟಕ್ಕೆ ಅಡ್ಡಿಯಾಗದಷ್ಟು ಸಡಿಲವಾಗಿ ಹಾಕಿಕೊಳ್ಳಬೇಕು. ಇಷ್ಟಾದ ಮೇಲೆ ಭುಜ ಮತ್ತು ಪಟ್ಟಿಯ ನಡುವೆ ಬೆರಳು ತೂರಿಸಿದರೆ ಸಲೀಸಾಗಿ ಹೋಗಬೇಕು. ಸೊಂಟಪಟ್ಟಿಯನ್ನು ಪೂರ್ತಿ ಬಿಗಿದ ಮೇಲೂ ಇನ್ನಷ್ಟು ಎಳೆಯಲು ಪಟ್ಟಿ ಉಳಿದಿರಬೇಕು, ಏಕೆಂದರೆ ದಿನಗಳು ಕಳೆದಂತೆ ಹೊರುವವರ ಸೊಂಟ ಸ್ವಲ್ಪ ಇಳಿಯಬಹುದು, ಬಟ್ಟೆಗಳ ಪದರವೂ ಬದಲಾಗುತ್ತದೆ.

ಹೀಗೆ ಹೊತ್ತುಕೊಂಡು ಕನಿಷ್ಠ ಇಪ್ಪತ್ತು ನಿಮಿಷ ಓಡಾಡಿ, ಮೆಟ್ಟಿಲು ಹತ್ತಿ ಇಳಿದು, ಬಗ್ಗಿ, ತಲೆಯೆತ್ತಿ ಮೇಲೆ ನೋಡಿ ಪರೀಕ್ಷಿಸಬೇಕು. ತಲೆಯೆತ್ತಿದಾಗ ಚೀಲದ ಮುಚ್ಚಳ ತಲೆಗೆ ತಾಗಿದರೆ ಹೆಲ್ಮೆಟ್ ಧರಿಸಿದಾಗ ಅದು ದೊಡ್ಡ ತೊಂದರೆಯಾಗುತ್ತದೆ. ಕೈಬೆರಳುಗಳಲ್ಲಿ ಜೋಮು ಹಿಡಿದಂತಾದರೆ ಅದನ್ನು ಕಡೆಗಣಿಸಬಾರದು. ಭುಜಪಟ್ಟಿಗಳು ಭುಜದ ನರಗಳ ಜಾಲವನ್ನು ಬಹಳ ಹೊತ್ತು ಒತ್ತಿದಾಗ ತೋಳಿನ ಶಕ್ತಿ ಕುಂದುವ ಸಮಸ್ಯೆಯನ್ನು ವೈದ್ಯರು ಬೆನ್ನುಚೀಲದ ಹೆಸರಿನಿಂದಲೇ, ರಕ್‌ಸ್ಯಾಕ್ ಪಾಲ್ಸಿ ಎಂದು ಗುರುತಿಸುತ್ತಾರೆ. ಸೈನಿಕರಲ್ಲಿಯೂ ಚಾರಣಿಗರಲ್ಲಿಯೂ ಅದು ಕಂಡುಬಂದಿದೆ. ಸೊಂಟಪಟ್ಟಿಯನ್ನು ತಪ್ಪಾದ ಜಾಗದಲ್ಲಿ ಬಿಗಿದರೂ ತೊಡೆಯ ಹೊರಭಾಗ ಮರಗಟ್ಟಬಹುದು.

ಈ ಭಾರವನ್ನು ಸೊಂಟಕ್ಕೆ ಸಾಗಿಸುವುದು ಚೀಲದ ಚೌಕಟ್ಟು. ಡಿಕ್ ಕೆಲ್ಟಿ ಎಂಬ ಅಮೆರಿಕದ ತಯಾರಕರು 1952ರಲ್ಲಿ ಅಲ್ಯೂಮಿನಿಯಂ ಹೊರಚೌಕಟ್ಟಿನ ಚೀಲಗಳನ್ನು ಮಾರಲಾರಂಭಿಸಿದರು; 1967ರಲ್ಲಿ ಗ್ರೆಗ್ ಲೋ ಚೌಕಟ್ಟನ್ನು ಚೀಲದ ಒಳಗೇ ಅಡಗಿಸಿದರು. ಇಂದು ಮಾರಾಟದಲ್ಲಿರುವ ಹೆಚ್ಚಿನವು ಈ ಎರಡನೆಯ ಬಗೆಯವು. ಒರಟಾದ ದಾರಿಯಲ್ಲಿ ಒಳಚೌಕಟ್ಟು ಮೈಗೆ ಅಂಟಿಕೊಂಡು ಸಮತೋಲ ಕಾಯುತ್ತದೆಯಾದ್ದರಿಂದ ಅದೇ ಮೇಲು. ನೀರಿನ ಕ್ಯಾನು, ಪೆಟ್ಟಿಗೆ ಮುಂತಾದ ಆಕಾರ ಬದಲಿಸಲಾಗದ ವಸ್ತುಗಳನ್ನು ಸಾಗಿಸಬೇಕಾದವರಿಗೆ ಹೊರಚೌಕಟ್ಟು ಈಗಲೂ ಅನುಕೂಲ. ಹತ್ತು ಕಿಲೋಗ್ರಾಂ ಮೀರಿದ ಹೊರೆಗೆ ಚೌಕಟ್ಟಿಲ್ಲದ ಚೀಲವನ್ನು ನಾನು ಯಾರಿಗೂ ಹೇಳುವುದಿಲ್ಲ. ಅಲ್ಯೂಮಿನಿಯಂ ಕಂಬಿಗಳನ್ನು ಹೊರತೆಗೆದು ಬೆನ್ನಿನ ಬಾಗುವಿಕೆಗೆ ತಕ್ಕಂತೆ ಬಗ್ಗಿಸಿಕೊಳ್ಳಲು ಬರುವಂತಿದ್ದರೆ ಅದು ಒಳ್ಳೆಯ ಲಕ್ಷಣ.

ಗಟ್ಟಿತನವನ್ನು ಎಲ್ಲಿ ನೋಡಬೇಕು

ಬಟ್ಟೆಯ ವಿವರಣೆಯಲ್ಲಿ ಕಾಣುವ ಡೆನಿಯರ್ ಎಂಬುದು 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬುದನ್ನು ಹೇಳುತ್ತದೆ. 210 ಡೆನಿಯರ್ ನೂಲು ತೆಳುವಾದದ್ದು, 1000 ಡೆನಿಯರಿನದು ದಪ್ಪ. ಇದು ನೂಲಿನ ದಪ್ಪದ ಅಂಕಿಯೇ ಹೊರತು ಬಲದ ಅಂಕಿ ಅಲ್ಲವಾದ್ದರಿಂದ ನೂಲು ಯಾವುದರದು ಎಂಬುದನ್ನು ಸೇರಿಸಿಯೇ ಓದಬೇಕು. ಅಷ್ಟೇ ಡೆನಿಯರಿನ ನೈಲಾನ್ ಬಟ್ಟೆ ಪಾಲಿಯೆಸ್ಟರಿಗಿಂತ ಉಜ್ಜುವಿಕೆಯನ್ನೂ ಹರಿತವನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಪಾಲಿಯೆಸ್ಟರ್ ಬಿಸಿಲನ್ನು ಹೆಚ್ಚು ತಡೆಯುತ್ತದೆ. ಚೀಲದ ಮೈಗೆ 420ರಿಂದ 500 ಡೆನಿಯರಿನ ನೈಲಾನ್, ಕಲ್ಲಿನ ಮೇಲೆ ಕೂರುವ ತಳಕ್ಕೆ 840ರಿಂದ 1000 ಡೆನಿಯರಿನದು ಎಂಬ ಹಂಚಿಕೆ ಗಟ್ಟಿತನ ಮತ್ತು ತೂಕಗಳ ನಡುವೆ ಹದವಾದದ್ದು. ಇಡೀ ಚೀಲವೇ 1000 ಡೆನಿಯರಿನದಾಗಿದ್ದರೆ ಅಗತ್ಯಕ್ಕೆ ಮೀರಿದ ತೂಕವನ್ನು ಪ್ರತಿ ಹೆಜ್ಜೆಗೂ ಹೊರಬೇಕಾಗುತ್ತದೆ. ಹರಿದ ತೂತು ಮುಂದಕ್ಕೆ ಹಬ್ಬದಂತೆ ದಪ್ಪ ಎಳೆಗಳನ್ನು ಚೌಕಳಿಯಾಗಿ ನೇಯ್ದ ರಿಪ್‌ಸ್ಟಾಪ್ ಬಟ್ಟೆ ತೆಳುವಾಗಿದ್ದರೂ ಬಾಳಿಕೆ ಬರುತ್ತದೆ.

ಆದರೆ ಚೀಲಗಳು ಬಟ್ಟೆ ಹರಿದು ಕೆಡುವುದಕ್ಕಿಂತ ಹೊಲಿಗೆ ಬಿಟ್ಟು, ಜಿಪ್ ಕೆಟ್ಟು, ಬಕಲ್ ಒಡೆದು ಕೆಡುವುದೇ ಹೆಚ್ಚು. ಆದ್ದರಿಂದ ಚೀಲವನ್ನು ಒಳಹೊರಗು ಮಾಡಿ ನೋಡದೆ ಕೊಳ್ಳಬಾರದು. ಭುಜಪಟ್ಟಿ ಚೀಲವನ್ನು ಸೇರುವ ಮೇಲಿನ ಮತ್ತು ಕೆಳಗಿನ ತುದಿಗಳು, ಸೊಂಟಪಟ್ಟಿಯ ಬುಡ, ಎತ್ತುವ ಹಿಡಿಕೆ, ಈ ನಾಲ್ಕು ಕಡೆಗಳಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ಬಾರ್‌ಟ್ಯಾಕ್ ಹೊಲಿಗೆ ಇರಲೇಬೇಕು, ಅದರ ಹಿಂದೆ ಬಲಪಡಿಸುವ ತುಂಡು ಬಟ್ಟೆಯೂ ಇರಬೇಕು. ಒಳಗಿನ ಅಂಚುಗಳು ಎಳೆ ಬಿಟ್ಟುಕೊಳ್ಳದಂತೆ ಪಟ್ಟಿಯಿಂದ ಮುಚ್ಚಲ್ಪಟ್ಟಿವೆಯೇ, ಹೊಲಿಗೆಯ ಆಚೆ ಬಟ್ಟೆ ಸಾಕಷ್ಟು ಉಳಿದಿದೆಯೇ, ದಾರ ಎಲ್ಲಾದರೂ ಸಡಿಲವಾಗಿ ಕುಣಿಕೆಯಂತೆ ಎದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಎರಡು ಕೈಗಳಿಂದ ಹೊಲಿಗೆಯ ಎರಡೂ ಬದಿಯ ಬಟ್ಟೆಯನ್ನು ಬಲವಾಗಿ ಎಳೆದಾಗ ಸೂಜಿಯ ರಂಧ್ರಗಳು ಅಗಲವಾಗಿ ಬಾಯ್ದೆರೆದರೆ ಆ ಚೀಲವನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಜಿಪ್‌ನ ಅಳತೆಯನ್ನು 5, 8, 10 ಎಂಬ ಅಂಕಿಗಳಿಂದ ಹೇಳುತ್ತಾರೆ; ಮುಚ್ಚಿದ ಹಲ್ಲುಗಳ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್ ಎಂದು ತಿಳಿಯಬಹುದು. ಚೀಲದ ಮುಖ್ಯ ಬಾಯಿಗೆ 8 ಅಥವಾ 10ರ ಅಳತೆಯ ಸುರುಳಿ ಜಿಪ್ ಯೋಗ್ಯ. ಅದರ ಹಲ್ಲುಗಳು ನೈಲಾನ್ ಸುರುಳಿಯಾದ್ದರಿಂದ ನಡುವೆ ಬಿಚ್ಚಿಕೊಂಡರೂ ಸ್ಲೈಡರನ್ನು, ಅಂದರೆ ಹಲ್ಲುಗಳನ್ನು ಕೂಡಿಸುವ ಜಾರುಗುಂಡಿಯನ್ನು, ಹಿಂದಕ್ಕೆಳೆದು ಮತ್ತೆ ಮುಚ್ಚಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಅಚ್ಚಿನ ಹಲ್ಲಿನ ಜಿಪ್‌ನಲ್ಲಿ ಒಂದು ಹಲ್ಲು ಹೋದರೆ ಆ ಜಿಪ್ಪೇ ಹೋದಂತೆ. ಮರಳು ಸೇರಿ ಸ್ಲೈಡರ್ ಸವೆದಾಗ ಇಕ್ಕಳದಿಂದ ಅದರ ಎರಡು ಬದಿಗಳನ್ನು ಮೆಲ್ಲಗೆ ಒತ್ತಿದರೆ ಇನ್ನಷ್ಟು ದಿನ ನಡೆಯುತ್ತದೆ.

ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಮೇಲಿನಿಂದ ತುಂಬಿ ಹಗ್ಗದಿಂದ ಬಾಯಿ ಬಿಗಿಯುವ ಚೀಲದಲ್ಲಿ ಕೆಡುವಂಥದ್ದು ಏನೂ ಇಲ್ಲ, ಆದರೆ ತಳದಲ್ಲಿರುವ ಔಷಧಿಯನ್ನು ತೆಗೆಯಲು ಎಲ್ಲವನ್ನೂ ಹೊರಹಾಕಬೇಕು. ಮುಂಭಾಗವೆಲ್ಲ ಜಿಪ್‌ನಿಂದ ತೆರೆದುಕೊಳ್ಳುವ ಚೀಲದಲ್ಲಿ ಕತ್ತಲಲ್ಲೂ ಬೇಕಾದದ್ದು ಕೈಗೆ ಸಿಗುತ್ತದೆ, ಆದರೆ ತುಂಬಿದ ಚೀಲದ ಒತ್ತಡವನ್ನೆಲ್ಲ ಆ ಒಂದು ಜಿಪ್ ಹೊರುತ್ತದೆ. ಮೇಲಿನಿಂದ ತುಂಬುವ, ಪಕ್ಕದಲ್ಲಿ ಒಂದು ಉದ್ದನೆಯ ಜಿಪ್ ಇರುವ, ಆ ಜಿಪ್‌ನ ಮೇಲೆ ಅಡ್ಡಲಾಗಿ ಎರಡು ಬಿಗಿಪಟ್ಟಿಗಳು ಹಾದುಹೋಗುವ ರಚನೆಯನ್ನು ನಾನು ಒಪ್ಪುತ್ತೇನೆ. ಜಿಪ್ ಕೈಕೊಟ್ಟರೂ ಪಟ್ಟಿಗಳು ಚೀಲವನ್ನು ಹಿಡಿದಿಡುತ್ತವೆ.

ಬಕಲ್‌ಗಳ ವಿಷಯದಲ್ಲಿ ಸೊಂಟಪಟ್ಟಿಯದೇ ಪ್ರಧಾನ, ಏಕೆಂದರೆ ಕಾಲಡಿ ಸಿಕ್ಕಿ ಅದೊಂದು ಒಡೆದರೆ ಇಡೀ ಭಾರ ಭುಜಕ್ಕೆ ಬರುತ್ತದೆ. ಬಕಲ್‌ನ್ನು ಪಟ್ಟಿಗೆ ಸೇರಿಸಿ ಹೊಲಿದುಬಿಟ್ಟಿದ್ದರೆ ಬದಲಾಯಿಸಲು ಹೊಲಿಗೆ ಬಿಚ್ಚಬೇಕು. ಪಟ್ಟಿಯನ್ನು ತೂರಿಸಿ ತೆಗೆಯಬಹುದಾದ ಬಕಲ್ ಆದರೆ ಅರ್ಧ ನಿಮಿಷದ ಕೆಲಸ. ಪಟ್ಟಿಗಳ ಅಗಲ 20, 25, 38 ಮಿಲಿಮೀಟರಿನಂತಹ ರೂಢಿಯ ಅಳತೆಗಳಲ್ಲಿದ್ದರೆ ಬದಲಿ ಬಕಲ್ ಎಲ್ಲಿಯೂ ಸಿಗುತ್ತದೆ.

ಸೈನಿಕ ಮಾದರಿಯ ಚೀಲಗಳ ಬಗ್ಗೆ ಒಂದು ಮಾತು. ಹೊರಮೈಯಲ್ಲಿ ಸಾಲುಸಾಲಾಗಿ 25 ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಹೊಲಿದು ಚಿಕ್ಕ ಚೀಲಗಳನ್ನು ಸಿಕ್ಕಿಸಲು ಅನುವು ಮಾಡಿಕೊಡುವ ಮಾಲ್ಲಿ ವ್ಯವಸ್ಥೆ ಉಪಯುಕ್ತವೇ. ಆದರೆ ಆ ಪಟ್ಟಿಗಳೂ ತೂಗುತ್ತವೆ, ಪೊದೆಗಳಿಗೆ ಸಿಕ್ಕಿಕೊಳ್ಳುತ್ತವೆ, ಹೊರಗೆ ನೇತುಬಿಟ್ಟ ಭಾರ ಸಮತೋಲವನ್ನು ಕೆಡಿಸುತ್ತದೆ. ಮರೆಮಾಚುವ ಬಣ್ಣದ ವಿನ್ಯಾಸವನ್ನು ನಾಗರಿಕರು ಬಳಸುವುದು ಬಾರ್ಬಡೋಸ್, ಜಮೈಕಾದಂತಹ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಅದಕ್ಕೂ ಮಿಗಿಲಾಗಿ, ದಾರಿ ತಪ್ಪಿದಾಗ ಅಥವಾ ಗಾಯಗೊಂಡಾಗ ಹುಡುಕುವವರ ಕಣ್ಣಿಗೆ ಬೀಳುವುದೇ ಜೀವ ಉಳಿಸುತ್ತದೆ. ಚೀಲ ಯಾವ ಬಣ್ಣದ್ದಾದರೂ ಅದರ ಮಳೆಹೊದಿಕೆ ಕಡು ಕಿತ್ತಳೆ ಅಥವಾ ಹಳದಿಯದಾಗಿರಲಿ.

ನೀರು ಮತ್ತು ಸಂಗ್ರಹ

ಬಟ್ಟೆಗೆ ಲೇಪನವಿದ್ದರೂ ಹೊಲಿಗೆ ಮತ್ತು ಜಿಪ್‌ಗಳ ಮೂಲಕ ನೀರು ಒಳಗೆ ಬಂದೇ ಬರುತ್ತದೆ. ಮಳೆಹೊದಿಕೆಯನ್ನು ಗಾಳಿ ಹಾರಿಸಬಹುದು, ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ಅದು ತಡೆಯುವುದೂ ಇಲ್ಲ. ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವನ್ನೋ ಬಾಯಿ ಸುರುಳಿ ಸುತ್ತುವ ಡ್ರೈ ಬ್ಯಾಗನ್ನೋ ಹಾಸಿ ಅದರೊಳಗೆ ಸಾಮಾನು ತುಂಬುವುದೇ ನಂಬಬಹುದಾದ ಕ್ರಮ. ಹೊಳೆ ದಾಟುವಾಗ ಸೊಂಟಪಟ್ಟಿ ಮತ್ತು ಎದೆಪಟ್ಟಿಗಳನ್ನು ಬಿಚ್ಚಿಕೊಂಡಿರಬೇಕು. ಕಾಲು ಜಾರಿದರೆ ಚೀಲವನ್ನು ತಕ್ಷಣ ಕಳಚಿ ಬಿಡಲು ಅದು ಅವಕಾಶ ಕೊಡುತ್ತದೆ. ಈ ಕಾರಣಕ್ಕಾಗಿಯೇ ಒದ್ದೆ ಕೈಯಲ್ಲೂ ಒಂದೇ ಒತ್ತಿಗೆ ತೆರೆಯುವ ಬಕಲ್ ಬೇಕು.

ತುಂಬುವಾಗ ಸ್ಲೀಪಿಂಗ್ ಬ್ಯಾಗಿನಂತಹ ಹಗುರ ವಸ್ತು ತಳಕ್ಕೆ, ಆಹಾರ ನೀರುಗಳಂತಹ ಭಾರವಾದವು ನಡುವೆ ಬೆನ್ನಿಗೆ ಅಂಟಿದಂತೆ, ಬೇಗ ಬೇಕಾಗುವ ಮಳೆ ಉಡುಪು ಮತ್ತು ಔಷಧಿ ಮೇಲಕ್ಕೆ. ತುರ್ತು ಚೀಲವನ್ನು ಸದಾ ತುಂಬಿಡಬೇಕಾದ್ದರಿಂದ ದಾಖಲೆ, ಔಷಧಿ, ಬೆಳಕು, ಆಹಾರ ಇವುಗಳನ್ನು ಬೇರೆ ಬೇರೆ ಬಣ್ಣದ ಸಣ್ಣ ಚೀಲಗಳಲ್ಲಿಟ್ಟರೆ ಚಾರಣಕ್ಕೆ ಹೋಗುವಾಗ ಬೇಡದ್ದನ್ನು ತೆಗೆದಿಟ್ಟು, ಮರಳಿದ ದಿನವೇ ಮತ್ತೆ ಸೇರಿಸಬಹುದು. ಸ್ಲೀಪಿಂಗ್ ಬ್ಯಾಗನ್ನು ತಿಂಗಳುಗಟ್ಟಲೆ ಒತ್ತಿ ತುಂಬಿಟ್ಟರೆ ಅದರ ಬೆಚ್ಚನೆಯ ಗುಣ ಕುಂದುತ್ತದೆಯಾದ್ದರಿಂದ ಅದನ್ನು ಸಡಿಲವಾಗಿ ಚೀಲದ ಪಕ್ಕದಲ್ಲೇ ಇಡಬೇಕು. ಬ್ಯಾಟರಿಗಳನ್ನು ಉಪಕರಣದಿಂದ ಹೊರತೆಗೆದಿಡಬೇಕು, ಸೋರಿದರೆ ಉಪಕರಣವೇ ಹಾಳಾಗುತ್ತದೆ. ಸೆಕೆ ಮತ್ತು ತೇವದಲ್ಲಿ ಬಟ್ಟೆಯ ಒಳಗಿನ ಪಾಲಿಯುರೆಥೇನ್ ಲೇಪನ ಕ್ರಮೇಣ ಅಂಟಂಟಾಗಿ ಕಳಚಿಬರುತ್ತದೆ. ಬಿಸಿಲು ನೈಲಾನನ್ನು ದುರ್ಬಲಗೊಳಿಸುತ್ತದೆ. ಹೀಗಾಗಿ ಕಾರಿನ ಡಿಕ್ಕಿಗಿಂತ ಹೊರಬಾಗಿಲಿನ ಹತ್ತಿರದ ಒಣಗಿದ, ನೆರಳಿನ ಮೂಲೆ ತುರ್ತು ಚೀಲಕ್ಕೆ ಒಳ್ಳೆಯ ಜಾಗ. ಹಳೆಯ ಚೀಲವನ್ನು ಇನ್ನೊಬ್ಬರಿಂದ ಕೊಳ್ಳುವವರು ಒಳಮೈಯನ್ನು ಮುಟ್ಟಿ, ಮೂಸಿ ನೋಡಿದರೆ ಲೇಪನ ಕಳಚುತ್ತಿರುವುದು ತಿಳಿಯುತ್ತದೆ.

ಆರು ತಿಂಗಳಿಗೊಮ್ಮೆ ಆಹಾರ, ಔಷಧಿ, ನೀರುಗಳ ಅವಧಿಯನ್ನು ನೋಡುವಾಗ ಚೀಲವನ್ನೂ ಬೆನ್ನಿಗೇರಿಸಿ ಒಂದು ಗಂಟೆ ನಡೆಯಬೇಕು. ಬದಲಾದ ಮೈಗೆ ಪಟ್ಟಿಗಳು ಇನ್ನೂ ಹೊಂದುತ್ತವೆಯೇ ಎಂಬುದು ಆಗಲೇ ಗೊತ್ತಾಗುವುದು. ದುರಸ್ತಿಗೆ ಬೇಕಾದ ದಪ್ಪ ಸೂಜಿ, ಬಲವಾದ ನೈಲಾನ್ ದಾರ, ಸೊಂಟಪಟ್ಟಿಗೆ ಸರಿಹೊಂದುವ ಒಂದು ಬದಲಿ ಬಕಲ್, ಒಂದೆರಡು ಪಿನ್ನು, ಜಿಪ್‌ನ ಅಳತೆಗೆ ತಕ್ಕ ಸ್ಲೈಡರ್, ಬಟ್ಟೆಗೆ ಅಂಟಿಸುವ ಟೇಪು, ಸಣ್ಣ ಇಕ್ಕಳ ಇವೆಲ್ಲ ಸೇರಿದರೂ ಇನ್ನೂರು ಗ್ರಾಂ ಮೀರದಂತೆ ಆರಿಸಿಕೊಳ್ಳಬಹುದು. ಇದನ್ನು ಮುಚ್ಚಳದ ಜೇಬಿನಲ್ಲಿಟ್ಟು, ಬಕಲ್ ಬದಲಾಯಿಸುವುದನ್ನೂ ಭುಜಪಟ್ಟಿಯ ಬುಡಕ್ಕೆ ಹೊಲಿಗೆ ಹಾಕುವುದನ್ನೂ ಮನೆಯಲ್ಲಿಯೇ ಒಮ್ಮೆ ಕೈಯಾರೆ ಮಾಡಿ ಕಲಿತಿರಬೇಕು.